ನಾಲ್ಕು ಮಾತು: ಐವತ್ತರ ಮೇಲೆ ಅಕ್ಷರಾಭ್ಯಾಸ



ಕಳೆದ ಸಂಚಿಕೆ ತಮ್ಮ ಕೈ ಸೇರಿದ ಮೇಲೆ ನಮಗೆ ಬಂದ ಕಾಗದಗಳಲ್ಲಿ ಒಂದು ಠಾಣೆಯದು. ಬರೆದವರು ಸಂಘದ ಹಳೆಯ ಸದಸ್ಯರು, ಹೆಸರು ಬೇಡ. ಖಾಸಗಿ ಕಂಪೆನಿಯೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಲೆಕ್ಕ ಬರೆಯುತ್ತಿರುವವರು. ಈಗ ವಯಸ್ಸು ಐವತ್ತಮೂರು. ಕಂಪೆನಿಯು ಹೊಸ ಲೆಕ್ಕದ ಸಾಫ್ಟ್‌ವೇರ್ ತಂದಿದೆಯಂತೆ. ಮೂರು ತಿಂಗಳೊಳಗೆ ಕಲಿಯತಕ್ಕದ್ದು, ಇಲ್ಲವಾದರೆ 'ಬೇರೆ ಯೋಚನೆ ಮಾಡಬೇಕಾದೀತು' ಎಂದು ಮೇಲಿನವರು ಬಹಳ ಸಭ್ಯವಾಗಿ ತಿಳಿಸಿರುವರು. ಕಲಿಸತಕ್ಕವಳು ಇಪ್ಪತ್ತನಾಲ್ಕು ವರ್ಷದ ಹುಡುಗಿ. "ಮಗಳ ಕಾಲೇಜಿನ ಫೀ ಇನ್ನೂ ಎರಡು ವರ್ಷ ಕಟ್ಟುವುದಿದೆ. ಆದರೆ ಮಗಳ ವಯಸ್ಸಿನವಳ ಮುಂದೆ ಕೈಕಟ್ಟಿ ಕೂರುವುದು ಹೇಗೆ? ಇನ್ನು ತಲೆಗೆ ಹತ್ತೀತೇ?" ಎಂದು ಕೇಳಿರುವರು.

ಇದಕ್ಕೆ ಉಪದೇಶ ಮಾಡುವುದು ಸುಲಭ. ಆದರೆ ಇದೇ ಪ್ರಶ್ನೆಯನ್ನು ನಾವೂ ಒಮ್ಮೆ ಕೇಳಿಕೊಂಡು ತಪ್ಪು ಉತ್ತರ ಹೇಳಿಕೊಂಡವರಾದುದರಿಂದ ಆ ಕಥೆಯನ್ನೇ ಹೇಳುವುದು ಮೇಲು.

ನಾವು ಈ ಊರಿನ ಬ್ಯಾಂಕೊಂದರ ಶಾಖೆಯಲ್ಲಿ ಗುಮಾಸ್ತರಾಗಿದ್ದೆವು. ಆಗ ಉಳಿತಾಯ ಖಾತೆಯ ಬಡ್ಡಿಯನ್ನು, ತಿಂಗಳ 10ನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಉಳಿದ ಅತಿ ಕಡಿಮೆ ಮೊತ್ತದ ಮೇಲೆ ಕಟ್ಟುತ್ತಿದ್ದರು. (ದಿನದಿನದ ಶಿಲ್ಕಿನ ಮೇಲೆ ಬಡ್ಡಿ ಕೊಡುವ ಪದ್ಧತಿ ಬಂದದ್ದು 2010ರ ಏಪ್ರಿಲ್ 1ರಿಂದ.) ಅರ್ಧ ವರ್ಷ ಮುಗಿಯಿತೆಂದರೆ ಒಂದೊಂದು ಲೆಜ್ಜರಿನ ಹಾಳೆ ತಿರುವಿ, ಆರು ತಿಂಗಳ ಆರು ಅಂಕೆ ಹೆಕ್ಕಿ, ಕೂಡಿಸಿ, ಬಡ್ಡಿ ಕಟ್ಟುತ್ತ ರಾತ್ರಿ ಒಂಬತ್ತು ಹತ್ತರವರೆಗೆ ಕೂರುವುದು. ಈ ಕೂಡಿಸುವ ಕೆಲಸದಲ್ಲಿ ನಾವು ಗಟ್ಟಿಗರೆಂದು ಹೆಸರಿದ್ದಿತು. ನಾಲ್ಕು ಅಂಕಣಗಳನ್ನು ಒಂದೇ ನೋಟಕ್ಕೆ ಕೂಡಿಸುತ್ತಿದ್ದೆವೆಂಬ ಜಂಭವೂ ಇದ್ದಿತೆನ್ನಿ.

1983ರಲ್ಲಿ ಬ್ಯಾಂಕುಗಳಿಗೂ ನೌಕರ ಸಂಘಗಳಿಗೂ ಯಂತ್ರಗಳ ವಿಷಯದಲ್ಲಿ ಒಪ್ಪಂದವಾಯಿತು. ಕೆಲವು ವರ್ಷಗಳ ನಂತರ ನಮ್ಮ ಶಾಖೆಗೂ ಲೆಜ್ಜರ್ ಬರೆಯುವ ಯಂತ್ರ ಬಂದಿತು. ಕಲಿಯಲೊಪ್ಪಿದವರಿಗೆ ಸಂಬಳದ ಮೇಲೆ ವಿಶೇಷ ಭತ್ಯೆ. ಹೆಸರು ಕೊಡಿರೆಂದು ಕೇಳಿದಾಗ ನಾವು ಕೊಡಲಿಲ್ಲ. ಯಂತ್ರ ಬಂದರೆ ಕೆಲಸ ಹೋಗುತ್ತದೆಂಬ ಭಯ ಎಲ್ಲರಿಗೂ ಇದ್ದಿತು, ಅದು ಸುಳ್ಳು ಭಯವೂ ಅಲ್ಲ. ಆದರೆ ನಮ್ಮ ನಿಜವಾದ ಕಾರಣ ಅದಲ್ಲ. ನಮ್ಮ ಕೂಡಿಸುವ ವಿದ್ಯೆಗೆ ಬೆಲೆ ಇಲ್ಲದಂತಾಯಿತೆಂಬ ಸಿಟ್ಟು.

ಹೆಸರು ಕೊಟ್ಟವನು ಕುಂದಾಪುರದ ಕಡೆಯ ಒಬ್ಬ ಹುಡುಗ. ಹನ್ನೊಂದನೆಯ ವಯಸ್ಸಿಗೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದವನು. ರಾತ್ರಿ ಶಾಲೆಯಲ್ಲಿ ಓದಿ ಎಸ್.ಎಸ್.ಸಿ. ಪಾಸು ಮಾಡಿ, ನಮ್ಮಲ್ಲಿಗೆ ಜವಾನನಾಗಿ ಬಂದು, ಪರೀಕ್ಷೆ ಕಟ್ಟಿ ಗುಮಾಸ್ತನಾಗಿದ್ದನು. ನಾವು ಮೂವರು ಮೂರು ಸಂಜೆ ಕೂತು ಮಾಡುತ್ತಿದ್ದ ಬಡ್ಡಿಯ ಲೆಕ್ಕವನ್ನು ಅವನು ಮಧ್ಯಾಹ್ನದ ಚಹಾಕ್ಕೆ ಮೊದಲೇ ಮುಗಿಸಿದ ದಿನ ನಮಗೆ ಊಟ ರುಚಿಸಲಿಲ್ಲ. ಎರಡು ವರ್ಷ ಹೀಗೇ ಕಳೆದ ಮೇಲೆ ಒಂದು ಸಂಜೆ ಅವನೇ ಕರೆದು ಕುರ್ಚಿ ಬಿಟ್ಟುಕೊಟ್ಟನು. "ಅದೆಂತ ಕಚ್ಚತ್ತಾ ರಾಯ್ರೆ? ಒಂದ್ಸಲ ಒತ್ತಿ ಕಾಣಿ" ಎಂದನು. ಒತ್ತಿದೆವು. ಕಚ್ಚಲಿಲ್ಲ. ಆದರೆ ಎರಡು ವರ್ಷದ ಭತ್ಯೆ ಹೋಗಿಯೇ ಹೋಯಿತು, ಅವನು ನಮಗಿಂತ ಮೊದಲೇ ಆಫೀಸರನೂ ಆದನು.

ಇನ್ನೊಂದು ಸಂಗತಿಯನ್ನೂ ಒಪ್ಪಿಕೊಂಡುಬಿಡುತ್ತೇವೆ. ಬ್ಯಾಂಕಿನವರಿಗಾಗಿ 1928ರಿಂದಲೂ ಮುಂಬಯಿಯಲ್ಲಿ ಒಂದು ಸಂಸ್ಥೆಯಿದ್ದು ಪರೀಕ್ಷೆಗಳನ್ನು ನಡೆಸುತ್ತ ಬಂದಿದೆ. ತೇರ್ಗಡೆಯಾದರೆ ಸಂಬಳ ಏರುವುದು. ನಾವು ಮೊದಲನೆಯ ಭಾಗ ಮುಗಿಸಿ ಎರಡನೆಯದನ್ನು 'ಬರುವ ವರ್ಷ' ಎಂದು ಇಟ್ಟೆವು. ಆ ಪುಸ್ತಕಗಳನ್ನು ನಮ್ಮ ಮನೆಯವರು ನಿವೃತ್ತಿಯ ವರ್ಷ ರದ್ದಿಯವನಿಗೆ ಹಾಕಿದರು.

ಆ ಹುಡುಗನನ್ನು ರೂಪಿಸಿದ ರಾತ್ರಿ ಶಾಲೆಗಳ ವಿಷಯ ನಮ್ಮ ಮಕ್ಕಳಿಗೆ ಇಂದು ಗೊತ್ತಿಲ್ಲ. ಪುಣೆಯಲ್ಲಿ ಜ್ಯೋತಿಬಾ ಫುಲೆ ದಂಪತಿಗಳು ದುಡಿಯುವವರಿಗಾಗಿ ರಾತ್ರಿ ಶಾಲೆ ತೆರೆದದ್ದು 1855ರಲ್ಲಿ. ಮುಂಬಯಿಯ ಕನ್ನಡಿಗರು ಆ ಹಾದಿಯನ್ನು ಹಿಡಿದು ನಡೆಸಿದ ಶಾಲೆಗಳು ಹಲವು. ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಶಾಲೆ ಮುಂತಾದುವು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಇಡ್ಲಿಯ ಒಲೆ ಹೊತ್ತಿಸಿದ ಹುಡುಗ ಸಂಜೆ ಕೈಯ ಎಣ್ಣೆ ತೊಳೆದುಕೊಂಡು ಬೆಂಚಿನ ಮೇಲೆ ಕೂರುತ್ತಿದ್ದನು. ಮೇಷ್ಟ್ರೂ ಹಗಲು ಇನ್ನೊಂದು ಕಡೆ ದುಡಿದು ಬಂದವರೇ. ಪಾಠದ ನಡುವೆ ಇಬ್ಬರಿಗೂ ತೂಕಡಿಕೆ. ಅದರಲ್ಲೇ ವಕೀಲರು, ಲೆಕ್ಕಪರಿಶೋಧಕರು, ಹೋಟೆಲ್ ಧಣಿಗಳು ತಯಾರಾದರು.

ಆದರೆ ಇದನ್ನೆಲ್ಲ ಹುಡುಗರ ಹಟವೊಂದೇ ಮಾಡಿತೆಂದು ನಾವು ನಂಬುವುದಿಲ್ಲ. ಸಂಜೆ ಆರಕ್ಕೆ, ಗಿರಾಕಿಗಳು ತುಂಬುವ ಹೊತ್ತಿನಲ್ಲೇ, "ಹೋಗೋ, ಶಾಲೆಗೆ ಹೊತ್ತಾಯಿತು" ಎಂದು ಬಿಟ್ಟುಕೊಟ್ಟ ಧಣಿಗಳಿದ್ದರು. ಬಿಡದ ಧಣಿಯ ಕೈಕೆಳಗೆ ಸಿಕ್ಕಿದ ಹುಡುಗ, ಎಷ್ಟೇ ಬುದ್ಧಿವಂತನಾಗಲಿ, ಲೋಟದ ಹತ್ತಿರವೇ ಉಳಿದನು. ಕಲಿಯಿರಿ ಕಲಿಯಿರಿ ಎಂದು ನೌಕರನಿಗೆ ಹೇಳುವ ಇಂದಿನ ಕಂಪೆನಿಗಳು ಇದನ್ನು ಮರೆತಂತೆ ತೋರುತ್ತದೆ. ಡೊಂಬಿವಲಿಯಿಂದ ಲೋಕಲ್ ಗಾಡಿಯಲ್ಲಿ ನೇತಾಡುತ್ತ ಹೋಗಿ ಬರುವವನು ಕಲಿಯುವುದು ಯಾವ ಹೊತ್ತಿನಲ್ಲಿ? ನಿದ್ದೆಯ ಹೊತ್ತಿನಲ್ಲಿ ತಾನೆ! ಕೆಲಸದ ಹೊತ್ತಿನಲ್ಲಿ ವಾರಕ್ಕೆರಡು ಗಂಟೆ ಬಿಟ್ಟುಕೊಟ್ಟರೆ ಕಂಪೆನಿ ಮುಳುಗದು. ಕಾರ್ಮಿಕರ ಕಲಿಕೆಗೆ ಸರಕಾರವೂ ಸುಮ್ಮನೆ ಕೂತಿಲ್ಲ: ದೇಶದ ಮೊದಲನೆಯ ಶ್ರಮಿಕ ವಿದ್ಯಾಪೀಠ ನಮ್ಮ ಮುಂಬಯಿಯಲ್ಲೇ 1967ರಲ್ಲಿ ಆರಂಭವಾಯಿತು, 2000ದಿಂದ ಇಂಥವುಗಳಿಗೆ ಜನ ಶಿಕ್ಷಣ ಸಂಸ್ಥಾನ ಎಂದು ಹೆಸರು. ಶಾಲೆ ಬಿಟ್ಟವರು ಮನೆಯಲ್ಲೇ ಓದಿ ಹತ್ತನೆಯ ಪರೀಕ್ಷೆ ಕಟ್ಟಲು 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಿದೆ.

ಪ್ರಮಾಣಪತ್ರಗಳ ಹುಚ್ಚೂ ಒಂದಿದೆ, ಎಚ್ಚರವಿರಲಿ. ಮೊಬೈಲಿನಲ್ಲಿ ಅರ್ಧ ಗಂಟೆ ನೋಡಿ ಕಾಗದ ಅಚ್ಚು ಮಾಡಿಸಿ ಗೋಡೆಗೆ ಹೊಡೆದವರನ್ನು ಬಲ್ಲೆವು. ಕೈಗೆ ಬಾರದ ವಿದ್ಯೆಗೆ ಕಟ್ಟು ಹಾಕಿಸಿ ಪ್ರಯೋಜನವೇನು?

ಇನ್ನು ಠಾಣೆಯ ಮಿತ್ರರ ಮಾತು. ಸ್ವಾಮೀ, ತಮಗೆ ಗೊತ್ತಿಲ್ಲದ್ದು ಗುಂಡಿ ಒತ್ತುವುದು ಮಾತ್ರ. ಲೆಕ್ಕ ಎಲ್ಲಿ ತಪ್ಪೀತು, ಯಾವ ಗಿರಾಕಿ ಯಾವ ತಿಂಗಳು ಹಣ ತಡಮಾಡುತ್ತಾನೆ, ಇದು ಆ ಹುಡುಗಿಗೆ ಗೊತ್ತಿಲ್ಲ. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದಾಗ ಹೊಸ ತೆರಿಗೆಯನ್ನು ತಾವು ಕಲಿತೇ ಇರಬೇಕಲ್ಲವೆ? 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ನಿನಲ್ಲಿ ಸೇರಿದಾಗ ನಿವೃತ್ತಿಗೆ ಎರಡು ವರ್ಷ ಉಳಿದವರೂ ಹೊಸ ಪದ್ಧತಿ ಕಲಿಯಬೇಕಾಗಿ ಬಂದಿತು, ಕಲಿತರು. ಆ ಹುಡುಗಿಯನ್ನು ಒಂದು ದಿನ ಮನೆಗೆ ಚಹಾಕ್ಕೆ ಕರೆಯಿರಿ. ಮಗಳೂ ಪಕ್ಕದಲ್ಲಿ ಕೂತಿರಲಿ. ನೋಟುಪುಸ್ತಕವೊಂದು ಇಟ್ಟುಕೊಂಡು, ಯಾವುದಾದ ಮೇಲೆ ಯಾವುದನ್ನು ಒತ್ತಬೇಕೆಂದು ಕನ್ನಡದಲ್ಲೇ ಬರೆದುಕೊಳ್ಳಿರಿ. ನಾವು ಹಾಗೆಯೇ ಮಾಡಿದ್ದು.

ಸಂಘದ ಮೇಲಂತಸ್ತಿನ ಕೋಣೆ ಸೋಮವಾರ, ಗುರುವಾರ ಸಂಜೆ ಖಾಲಿಯಿರುತ್ತದೆ. ಕಂಪ್ಯೂಟರಿನ ಲೆಕ್ಕ ಬಲ್ಲ ತರುಣ ತರುಣಿಯರು ಯಾರಾದರೂ ಕಲಿಸಲು ಬರುವುದಾದರೆ ಕಾರ್ಯದರ್ಶಿಗಳಿಗೆ ಒಂದು ಸಾಲು ಬರೆದು ತಿಳಿಸಬೇಕಾಗಿ ಕೋರಿಕೆ. ಎಂಟು ಗಂಟೆಗೆ ಮೊದಲು ಬೇಡ. ಗಾಡಿಗಳು ಅಷ್ಟು ಹೊತ್ತಿಗೆ ಬರುವುದಿಲ್ಲ.