ಯಾರ ಮಾತಿಗೆ ಈ ಉತ್ತರ?

ಒಂದು ವಾಟ್ಸಾಪ್ ಗ್ರೂಪಿನಲ್ಲಿ ಈಗ 1024 ಮಂದಿಯವರೆಗೆ ಇರಬಹುದು. ನಮ್ಮ ಬಡಾವಣೆಗಳ, ಅಪಾರ್ಟ್‌ಮೆಂಟುಗಳ ಗ್ರೂಪುಗಳು ಅಷ್ಟು ದೊಡ್ಡವಲ್ಲ. ಆದರೂ ಬೆಳಗ್ಗೆ ‘ಇವತ್ತೂ ನೀರು ಬಂದಿಲ್ಲ’ ಎಂದು ಒಬ್ಬರು ಬರೆದರೆ, ಮಧ್ಯಾಹ್ನದೊಳಗೆ ಕಸದ ಗಾಡಿ, ಬೀದಿನಾಯಿ, ಹುಟ್ಟುಹಬ್ಬದ ಶುಭಾಶಯ ಎಲ್ಲವೂ ಅದರ ಕೆಳಗೆ ಬಂದು ಸೇರಿರುತ್ತವೆ. ಆಗ ಯಾರೋ ಒಬ್ಬರು ‘ಹೌದು, ಅದೇ ಸರಿ’ ಎನ್ನುತ್ತಾರೆ. ಯಾವುದು ಸರಿ? ನೀರು ಬಾರದಿರುವುದೋ, ನಾಯಿ ಹಿಡಿಸುವುದೋ?

ಎದುರಾಎದುರು ಕೂತು ಮಾತಾಡುವಾಗ ಈ ತೊಡಕು ಇಲ್ಲ. ಯಾರ ಕಡೆ ಮುಖ ಮಾಡಿದ್ದೇವೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಪರದೆಯ ಮೇಲೆ ಆ ಅರ್ಧವನ್ನೂ ನಾವೇ ಬರೆಯಬೇಕು.

ಇದು ವಾಟ್ಸಾಪಿನ ಜೊತೆ ಹುಟ್ಟಿದ ಸಮಸ್ಯೆಯಲ್ಲ. ಅಂತರಜಾಲದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ತಿಳಿಸುವ ಆರ್‌ಎಫ್‌ಸಿ 1855 ಎಂಬ ಕೈಪಿಡಿ ಹೊರಬಂದದ್ದು 1995ರಲ್ಲಿ. ಬರೆದವರು ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್. ಉತ್ತರಿಸುವಾಗ ಮೂಲ ಸಂದೇಶದ ಸಾರವನ್ನು ಮೇಲೆ ಕೊಡಿ, ಇಲ್ಲವೇ ಸಂದರ್ಭ ತಿಳಿಯುವಷ್ಟು ಭಾಗವನ್ನು ಮಾತ್ರ ಉಳಿಸಿಕೊಳ್ಳಿ ಎಂದು ಅದು ಹೇಳುತ್ತದೆ. ಆಗಿನ ಸುದ್ದಿಗುಂಪುಗಳಲ್ಲಿ ಸಂದೇಶಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಾದು ಬರುತ್ತಿದ್ದವು. ಕೆಲವರಿಗೆ ಪ್ರಶ್ನೆಗಿಂತ ಮೊದಲೇ ಉತ್ತರ ತಲುಪಿಬಿಡುತ್ತಿತ್ತು. ಇಂದು ಸಂದೇಶಗಳೇನೋ ಸಾಲಾಗಿಯೇ ಬರುತ್ತವೆ, ಆದರೆ ಓದುವ ನಾವು ಕೊನೆಯಿಂದ ಶುರುಮಾಡುತ್ತೇವೆ.

ಓದುಗರೇ, ನಿಮ್ಮಲ್ಲಿ ನನ್ನ ಮೊದಲ ಕೋರಿಕೆ ತೀರ ಸಣ್ಣದು. ಯಾವ ಮೆಸೇಜಿಗೆ ಉತ್ತರಿಸುತ್ತೀರೋ ಅದನ್ನು ಬೆರಳಿನಿಂದ ಬಲಕ್ಕೆ ಸರಿಸಿ, ಆಮೇಲೆ ಬರೆಯಿರಿ. ಮೂಲ ಮಾತು ನಿಮ್ಮ ಉತ್ತರದ ನೆತ್ತಿಯ ಮೇಲೆ ಬಂದು ಕೂರುತ್ತದೆ. ಮೆಸೇಜು ಉದ್ದವಾಗಿದ್ದರೆ ಅದರ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ. ನಿಮ್ಮ ಉತ್ತರ ಅದರ ಐದನೆಯ ಅಂಶಕ್ಕಿದ್ದರೆ, ‘ಲಿಫ್ಟ್ ರಿಪೇರಿ ಬಗ್ಗೆ ನೀವು ಹೇಳಿದ್ದಕ್ಕೆ’ ಎಂದು ಒಂದು ಮಾತು ಸೇರಿಸಿ. ಇ-ಮೇಲ್ ಆದರೆ ಇದಕ್ಕೆ ತಿರುಗುಮುರುಗು. ಅಲ್ಲಿ ಹಳೆಯದೆಲ್ಲ ಬಾಲದಂತೆ ಅಂಟಿಕೊಂಡು ಬರುತ್ತದೆ. ಬೇಕಾದ ಎರಡು ಸಾಲು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆದುಹಾಕಿ.

ತೆಗೆಯುವಾಗ ಮಾತ್ರ ಸ್ವಲ್ಪ ನಿಧಾನಿಸಿ. ನಿಜವಾದ ಅಪಾಯ ಇರುವುದು ಇಲ್ಲೇ. ‘ಸಂಪ್ ತೊಳೆಸುವ ತನಕ ಟ್ಯಾಂಕರ್ ನೀರು ಬೇಡ’ ಎಂದು ಒಬ್ಬರು ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಅದರಿಂದ ‘ಟ್ಯಾಂಕರ್ ನೀರು ಬೇಡ’ ಎಂಬಷ್ಟನ್ನೇ ಎತ್ತಿ, ‘ಹಾಗಾದರೆ ನಾವೆಲ್ಲ ಬಾಯಾರಿ ಸಾಯಬೇಕೇ?’ ಎಂದು ಕೇಳಿದರೆ, ಪದಗಳೆಲ್ಲ ಅವರವೇ, ಮಾತು ಅವರದಲ್ಲ. ಹೀಗೆ ಕತ್ತರಿಸುವವರಲ್ಲಿ ಕೆಟ್ಟ ಮನಸ್ಸಿನವರು ಕಡಿಮೆ, ಅವಸರದವರೇ ಹೆಚ್ಚು ಎಂಬುದು ನನ್ನ ನಂಬಿಕೆ. ನಮ್ಮ ಶಾಸ್ತ್ರಕಾರರು ಎದುರಾಳಿಯ ವಾದವನ್ನು ಪೂರ್ವಪಕ್ಷವೆಂದು ಮೊದಲು ಪೂರ್ತಿ ಮಂಡಿಸಿ, ಆಮೇಲೆ ಅದನ್ನು ಖಂಡಿಸಿ, ತಮ್ಮ ಸಿದ್ಧಾಂತಕ್ಕೆ ಬರುತ್ತಿದ್ದರು. ಗ್ರೂಪಿನಲ್ಲಿ ಅಷ್ಟು ವಿಸ್ತಾರ ಬೇಕಿಲ್ಲ. ‘ನೀವು ಹೇಳುತ್ತಿರುವುದು ಇದು ತಾನೇ?’ ಎಂದು ಒಮ್ಮೆ ಕೇಳಿದರೆ ಸಾಕು. ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ನೀವು ಬರೆದದ್ದರಲ್ಲಿ ಬೇರೆಯವರ ಮಾತು ತಿರುಚಿಹೋಗಿದೆ ಎನಿಸಿದರೆ, ಕಳಿಸಿದ 15 ನಿಮಿಷದೊಳಗೆ ವಾಟ್ಸಾಪಿನಲ್ಲಿ ತಿದ್ದಲು ಅವಕಾಶವಿದೆ. ಆ ಹೊತ್ತು ಮೀರಿದ್ದರೆ ಕೆಳಗೆ ಇನ್ನೊಂದು ಸಾಲು ಬರೆದುಬಿಡಿ. ಅದರಿಂದ ಯಾರ ಮರ್ಯಾದೆಯೂ ಕಡಿಮೆಯಾಗುವುದಿಲ್ಲ.

ಇನ್ನೊಂದು ವಿಚಾರ. ಸಿಟ್ಟಿನಲ್ಲಿ ಬರೆದದ್ದನ್ನು ಕೆಲವರು ಆಮೇಲೆ ಅಳಿಸುತ್ತಾರೆ. ಅಷ್ಟರಲ್ಲಿ ಯಾರಾದರೂ ಅದನ್ನು ಉಲ್ಲೇಖಿಸಿ ಉತ್ತರಿಸಿದ್ದರೆ, ಅಳಿಸಿದ ಮಾತು ಆ ಉತ್ತರದ ಮೇಲೆ ಹಾಗೇ ಉಳಿಯುತ್ತದೆ. ಅಂಥದ್ದು ನಿಮ್ಮ ಉತ್ತರದಲ್ಲಿ ಉಳಿದಿದ್ದರೆ, ದಯವಿಟ್ಟು ನೀವೂ ಅದನ್ನು ತೆಗೆಯಿರಿ. ಅಳಿಸಿದವರು ಮನಸ್ಸು ಬದಲಿಸಿದ್ದಾರೆ, ಅದನ್ನು ಒಪ್ಪಿಕೊಳ್ಳೋಣ. ಒಂದು ಗ್ರೂಪಿನ ಮಾತಿನ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದಕ್ಕೆ ಹಾಕುವ ಮೊದಲು, ಬರೆದವರನ್ನು ಒಂದು ಮಾತು ಕೇಳಿ. ತೀರ ಖಾಸಗಿಯಾಗಿ ಹೇಳಬೇಕಾದದ್ದನ್ನು ಅವರೊಬ್ಬರಿಗೇ ಕಳಿಸಿ. ಬರೇ ಒಪ್ಪಿಗೆ ತಿಳಿಸುವುದಿದ್ದರೆ ಆ ಮೆಸೇಜಿನ ಮೇಲೆ ಒಂದು ಹೆಬ್ಬೆರಳು ಒತ್ತಿದರಾಯಿತು, ನೂರು ‘ಓಕೆ’ಗಳ ಅಡಿಯಲ್ಲಿ ನೀರಿನ ವಿಷಯ ಹೂತುಹೋಗುವುದಿಲ್ಲ.

ಇವುಗಳಲ್ಲಿ ಹಲವು ನಿಮಗೆ ಗೊತ್ತಿರುವುದೇ. ನಿಮ್ಮ ಮನೆಯಲ್ಲೂ ಗ್ರೂಪಿನಲ್ಲೂ ಇರುವ ಹಿರಿಯರಿಗೆ ಗೊತ್ತಿಲ್ಲದೆ ಇರಬಹುದು. ತಮ್ಮ ಉತ್ತರ ಯಾರಿಗೂ ಅರ್ಥವಾಗುತ್ತಿಲ್ಲ ಎಂದು ಎಷ್ಟೋ ಮಂದಿ ಬರೆಯುವುದನ್ನೇ ಬಿಟ್ಟಿದ್ದಾರೆ. ಗ್ರೂಪಿನಲ್ಲಿ ಎಲ್ಲರೆದುರು ಅವರನ್ನು ತಿದ್ದಬೇಡಿ. ಬಿಡುವಾದಾಗ ಪಕ್ಕದಲ್ಲಿ ಕೂತು, ಮೆಸೇಜನ್ನು ಬಲಕ್ಕೆ ಸರಿಸುವುದು ಹೇಗೆಂದು ಅವರ ಮೊಬೈಲಿನಲ್ಲೇ ತೋರಿಸಿಕೊಡಿ.