ಫೆರಾರಿಗೆ ಕೋಟಿ, ಅಂಬಾಸಿಡರ್‌ಗೆ ಚಾಕರಿ

ಮಹಾರಾಷ್ಟ್ರದ ನಂಬರು ಹಾಕ್ಕೊಂಡು ಬೆಂಗಳೂರಿನಲ್ಲಿ ಓಡಾಡ್ತಿದ್ದ ಕೆಂಪು ಫೆರಾರಿ ಎಸ್‌ಎಫ್ 90 ಕಾರೊಂದು 2025ರ ಜುಲೈನಲ್ಲಿ ಸಾರಿಗೆ ಇಲಾಖೆಯ ಕೈಗೆ ಸಿಕ್ಕಿಬಿತ್ತು. ಗಡುವು ಕೊಟ್ಟ ಮೇಲೆ ಮಾಲೀಕರು ಕಟ್ಟಿದ ತೆರಿಗೆ ಸುಮಾರು 1 ಕೋಟಿ 42 ಲಕ್ಷ ರೂಪಾಯಿ! ಅದೇ ವರ್ಷದ ಫೆಬ್ರವರಿಯಲ್ಲಿ ತೆರಿಗೆ ತಪ್ಪಿಸಿದ್ದ 30 ದುಬಾರಿ ಕಾರುಗಳನ್ನು ಹಿಡಿದಿದ್ದರು.

ಬಸ್ಸಿನಲ್ಲಿ ನೇತಾಡಿಕೊಂಡು ಹೋಗೋ ನಮಗೇನ್ರೀ ಇದರಿಂದ ಅಂತೀರಾ? ತಾಳಿ ಸ್ವಾಮಿ.

ನಮ್ಮೂರ ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿನಲ್ಲಿ ಒಂದು ಮಾರ್ಕ್-2 ಅಂಬಾಸಿಡರ್ ನಿಂತಿದೆ. ಐವತ್ತು ದಾಟಿದ ಮುದುಕ. 1489 ಸಿಸಿ ಇಂಜಿನ್ನು, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಹಿಂದೆ ಲೀಫ್ ಸ್ಪ್ರಿಂಗು. ಕುದುರೆಶಕ್ತಿ ಐವತ್ತರ ಆಸುಪಾಸು. ಫೆರಾರಿಗೋ 3990 ಸಿಸಿಯ ಎಂಟು ಸಿಲಿಂಡರು, ಮೇಲೆ ಮೂರು ಕರೆಂಟ್ ಮೋಟಾರು, ಎಲ್ಲಾ ಸೇರಿ ಸಾವಿರದ ಹತ್ತಿರ. ನೂರರ ವೇಗಕ್ಕೆ ಎರಡೂವರೆ ಸೆಕೆಂಡು ಸಾಕು. ಗಂಟೆಗೆ 340 ಕಿ.ಮೀ. ಓಡುತ್ತಂತೆ, ಎಲ್ಲಿ ಓಡಿಸ್ತಾರೋ ದೇವರೇ ಬಲ್ಲ. ಕೂರೋಕೆ ಇಬ್ಬರಿಗೆ ಜಾಗ, ಅಕ್ಕಿ ಮೂಟೆ ಇಡೋಕೆ ಜಾಗವಿಲ್ಲ. ಅಂಬಾಸಿಡರ್‌ನಲ್ಲಿ ಮದುವೆ ದಿಬ್ಬಣದ ಅರ್ಧ ಹಿಡಿಸುತ್ತಿತ್ತು. ಕೆಟ್ಟರೆ ಎರಡು ಸ್ಪ್ಯಾನರ್ ಇರೋ ಮೇಸ್ತ್ರಿ ಸಾಕಾಗಿತ್ತು.

ಈಗ ಲೆಕ್ಕಕ್ಕೆ ಬರೋಣ. ಕರ್ನಾಟಕದಲ್ಲಿ 20 ಲಕ್ಷಕ್ಕೆ ಮೇಲ್ಪಟ್ಟ ಕಾರಿಗೆ ಬೆಲೆಯ ಶೇ. 18ರಷ್ಟು ಜೀವಾವಧಿ ತೆರಿಗೆ, ಜೊತೆಗೆ ಸೆಸ್ಸು. ಮಹಾರಾಷ್ಟ್ರದಲ್ಲಿ ಕಾರು ಎಷ್ಟೇ ದುಬಾರಿಯಾದರೂ ತೆರಿಗೆಗೊಂದು ಮಿತಿ. 2025ರವರೆಗೆ ಅದು 20 ಲಕ್ಷ ಇತ್ತು, ಆಮೇಲೆ 30 ಮಾಡಿದರು. ಕೋಟಿಗಟ್ಟಲೆ ಕಾರು ಕೊಳ್ಳೋರು ಅಲ್ಲಿ ನಂಬರು ಮಾಡಿಸಿ ಇಲ್ಲಿ ಮೆರೆಯೋದು ಯಾಕೆ ಅಂತ ಬಿಡಿಸಿ ಹೇಳಬೇಕಾ? ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿನ ನಂಬರು ಪಡೀಬೇಕು ಅನ್ನೋದು ಕಾನೂನು. ಆದರೆ ಯಾವತ್ತು ಬಂತು ಅಂತ ಬರೆದಿಡೋರು ಯಾರು? ಕಿರಾಣಿ ಅಂಗಡಿಯವನ ಲಗೇಜ್ ಆಟೋಗೆ ಇಂಥ ಕಳ್ಳದಾರಿ ಇಲ್ಲ ನೋಡಿ.

ಇನ್ನು ಮುದುಕನ ಪಾಡು. ಮಾಮೂಲಿ ನಂಬರು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದ ಶುಲ್ಕ ಆಗ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ 10,000! ಇನ್ನೊಂದು ದಾರಿ ಇದೆ: 2021ರಲ್ಲಿ ಕೇಂದ್ರ ತಂದ ವಿಂಟೇಜ್ ನಿಯಮ. ಐವತ್ತು ವರ್ಷ ಮೀರಿ ಮೂಲರೂಪದಲ್ಲೇ ಇರೋ ಕಾರಿಗೆ 20,000 ಕಟ್ಟಿದರೆ ಹತ್ತು ವರ್ಷಕ್ಕೆ 'ವಿಎ' ಸಾಲಿನ ನಂಬರು. ಆದರೆ ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲು ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬೇಕು.

ಇದನ್ನ ಅಂಬಾಸಿಡರ್ ಯಜಮಾನರಿಗೆ ವಿವರಿಸಿದೆ. "ಹಂಗಾದ್ರೆ ಸಂತೆಗೆ ಹೋಗಿ ತರಕಾರಿ ತರಂಗಿಲ್ವಾ?" ಅಂದರು. ಇಲ್ಲ ಅಂದೆ.

ಹತ್ತು ಸಾವಿರ ಹೊಂದಿಸೋಕೆ ಅವರು ಚೀಟಿ ಎತ್ತೋ ಯೋಚನೆಯಲ್ಲಿದ್ದಾರೆ.