ಕೊನೆಯ ಮೊತ್ತ ಎಷ್ಟು?

2007ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಅಂತರಜಾಲದಲ್ಲಿ ಪುಸ್ತಕ ಮಾರಲು ಹೊರಟಾಗ ಗಿರಾಕಿಗಳಿಗೆ ಒಂದೇ ಅಳುಕು: ಕಾಣದ ಅಂಗಡಿಗೆ ಮುಂಗಡ ಹಣ ಕೊಡುವುದು ಹೇಗೆ? 2010ರಲ್ಲಿ ಆ ಕಂಪನಿ, ಪುಸ್ತಕ ಕೈಗೆ ಬಂದ ಮೇಲೆ ಹಣ ಕೊಡುವ ಸೌಲಭ್ಯ ತಂದಿತು. ಅಂಚೆಯ ವಿ.ಪಿ.ಪಿ.ಯಲ್ಲಿ ಪುಸ್ತಕ ತರಿಸುತ್ತಿದ್ದ ಹಿರಿಯರಿಗೆ ಇದೇನೂ ಹೊಸದಲ್ಲ ಬಿಡಿ!

ಈಗಿನ ತಕರಾರು ಬೇರೆ. ಆನ್‌ಲೈನ್ ಅಂಗಡಿ ಮೊದಲು ತೋರಿಸುವ ಬೆಲೆ ಒಂದು, ಕೊನೆಗೆ ಕೇಳುವ ಮೊತ್ತ ಇನ್ನೊಂದು. ಬೇಡದ ವಿಮೆಯೋ ದೇಣಿಗೆಯೋ ಕೇಳದೆಯೇ ಬುಟ್ಟಿಗೆ ಬಿದ್ದಿರುತ್ತದೆ. ‘ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ ಬೇರೆ. ಇಂಥ 13 ಚಾಳಿಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೆಸರಿಸಿ ನಿಷೇಧಿಸಿದೆ. ಮಕ್ಕಳು ಫೋನಿನಲ್ಲಿ ಪುಸ್ತಕ ತರಿಸುವಾಗ, ಹಣ ಕಟ್ಟುವ ಮುನ್ನ ಹೆತ್ತವರೂ ಆ ಕೊನೆಯ ಮೊತ್ತವನ್ನೊಮ್ಮೆ ನೋಡಲಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು.